ಡಿಸೆಂಬರ್ ತೇವದಲ್ಲಿ ಬಾಡು ಸುಡಬೇಕಾ? ಎರಡು ಬೆಂಕಿ ಹಾಕಿ

ಚಳಿಗಾಲದಲ್ಲಿ ತೋಟದ ಕಡೆ ಹೋಗಿ, ಬೆಂಕಿ ಹಾಕಿಕೊಂಡು ಬಾಡು ಸುಟ್ಟು ತಿನ್ನೋಣ ಅಂತ ಯಾರಾದರೂ ಕರೆದರೆ ನಾನು ಮೊದಲು ಕೇಳುವುದು ಸೌದೆ ಬಗ್ಗೆ. ಎಷ್ಟು ಕೆ.ಜಿ. ಮಾಂಸ, ಮಸಾಲೆ ಯಾರು ರುಬ್ಬುತ್ತಾರೆ, ಎಷ್ಟು ಜನ ಬರುತ್ತಾರೆ, ಇದೆಲ್ಲ ಆಮೇಲೆ. ಸೌದೆ ಎಲ್ಲಿದೆ? ಮೇಲೆ ಸೂರು ಇದೆಯಾ? ನೆಲದ ಮೇಲೆ ಬಿದ್ದಿದೆಯಾ, ಇಲ್ಲ ಕಲ್ಲಿನ ಮೇಲೆ ಒಟ್ಟಿದ್ದಾರಾ? ಇಷ್ಟು ಗೊತ್ತಾದರೆ ಅವತ್ತು ಊಟ ಎಷ್ಟು ಹೊತ್ತಿಗೆ ಅಂತ ಹೇಳಿಬಿಡಬಹುದು.

ಮೈಸೂರು, ಮಂಡ್ಯ ಕಡೆ ಚಳಿ ಅಷ್ಟೇನೂ ಜೋರಿಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವ 15-16 ಡಿಗ್ರಿ ಆಸುಪಾಸು, ಕೆಲವು ದಿನ ಇನ್ನೂ ಸ್ವಲ್ಪ ಕೆಳಗೆ. ನಮಗೆ ಕಾಟ ಕೊಡುವುದು ತೇವ. ನಮ್ಮದು ನಾಲೆ ಸೀಮೆ, ಅಲ್ವಾ. ಒಂದು ಕಡೆ ಕಟಾವಾದ ಭತ್ತದ ಗದ್ದೆ, ಇನ್ನೊಂದು ಕಡೆ ಆಳೆತ್ತರದ ಕಬ್ಬು, ನಡುವೆ ಕಾಲುವೆ ನೀರು. ಬೆಳಗ್ಗೆ ಎಂಟಾದರೂ ತೆಂಗಿನ ಗರಿಯಿಂದ ಇಬ್ಬನಿ ತೊಟ್ಟಿಕ್ಕುತ್ತಾ ಇರುತ್ತದೆ. ಇದರ ಮೇಲೆ ಬಂಗಾಳ ಕೊಲ್ಲಿಯಲ್ಲಿ ಏನಾದರೂ ಎದ್ದರೆ ನಮಗೆ ಜಡಿಮಳೆ ಗ್ಯಾರಂಟಿ. 2024ರ ಡಿಸೆಂಬರ್ ಶುರುವಿನಲ್ಲಿ ಫೆಂಗಲ್ ಚಂಡಮಾರುತದ ಮಳೆ ಇಲ್ಲಿಗೂ ಬಂತು. ಅಂಥ ಮಳೆ ನಿಂತ ಮೇಲೂ ಸೌದೆ ಒಳಗೆ ನೀರು ಕುಡಿದುಕೊಂಡೇ ಇರುತ್ತದೆ. ಹೊರಗೆ ಮುಟ್ಟಿದರೆ ಒಣಗಿದ ಹಾಗೆ ಇರುತ್ತದೆ, ಮಚ್ಚಿನಲ್ಲಿ ಸೀಳಿದರೆ ಒಳಗೆಲ್ಲ ತಣ್ಣಗೆ.

ಹಸಿ ಸೌದೆ ಯಾಕೆ ಇಷ್ಟು ಸತಾಯಿಸುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ. 20 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಯುವ ತನಕ ತರುವುದಕ್ಕೆ ಎಷ್ಟು ಶಾಖ ಬೇಕೋ, ಕುದಿಯುತ್ತಿರುವ ಅದೇ ನೀರನ್ನು ಪೂರ್ತಿ ಆವಿ ಮಾಡುವುದಕ್ಕೆ ಅದರ ಆರು ಪಟ್ಟಿಗಿಂತ ಜಾಸ್ತಿ ಬೇಕು. ಆಗ ತಾನೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. ಚೆನ್ನಾಗಿ ಒಣಗಿದ ಸೌದೆಯಲ್ಲೂ ನೂರಕ್ಕೆ 15-20 ಪಾಲು ಇರುತ್ತದೆ. ಅಂದರೆ ಹಸಿ ಸೌದೆ ಹಾಕಿದಾಗ ನೀವು ಹಚ್ಚಿದ ಬೆಂಕಿ ಮೊದಲು ಸೌದೆಯನ್ನೇ ಬೇಯಿಸುತ್ತಾ ಕೂರುತ್ತದೆ, ಮಾಂಸದ ಸರದಿ ಆಮೇಲೆ. ಒಲೆಯಿಂದ ಹೊರಗೆ ಚಾಚಿಕೊಂಡಿರುವ ಕೊಳ್ಳಿಯ ತುದಿ ಒಮ್ಮೆ ನೋಡಿ. ಕಂದು ಬಣ್ಣದ ನೊರೆ ಬುಳುಬುಳು ಅಂತ ಉಕ್ಕುತ್ತದೆ, ಸುಂಯ್ ಅಂತ ಸಣ್ಣ ಸದ್ದು ಬರುತ್ತದೆ, ಆ ನೊರೆ ಒಣಗಿದ ಜಾಗದಲ್ಲಿ ಅಂಟು ಅಂಟಾದ ಕಲೆ ಉಳಿಯುತ್ತದೆ. ಆ ಸದ್ದು ನಿಲ್ಲುವ ತನಕ ಜಾಲರಿ ಮೇಲೆ ಏನೂ ಇಡಬೇಡಿ. ಆಗ ಬರುವ ದಪ್ಪ ಬಿಳಿ ಹೊಗೆಯಲ್ಲಿ ಅರ್ಧಂಬರ್ಧ ಸುಟ್ಟ ಡಾಂಬರಿನಂಥ ಅಂಶ ತುಂಬಿರುತ್ತದೆ. ಅದು ಮಾಂಸದ ಮೇಲೆ ಕೂತರೆ ಎಷ್ಟು ನಿಂಬೆಹಣ್ಣು ಹಿಂಡಿದರೂ ಕಹಿ ಹೋಗುವುದಿಲ್ಲ. ‘ಹೊಗೆ ವಾಸನೆ ಬಂದಿದೆ, ಸೂಪರ್’ ಅಂತ ಕೆಲವರು ಖುಷಿ ಪಡುತ್ತಾರೆ. ಒಳ್ಳೆ ಹೊಗೆ ತೆಳ್ಳಗಿರುತ್ತದೆ, ಕಣ್ಣಿಗೆ ಕಾಣುವುದೇ ಕಷ್ಟ. ಕಣ್ಣುರಿಸುವ ಹೊಗೆ ನಾಲಗೆಗೂ ಆಗಿಬರುವುದಿಲ್ಲ.

ಇದಕ್ಕೆ ನನಗೆ ಗೊತ್ತಿರುವ ದಾರಿ ಒಂದೇ, ಎರಡು ಬೆಂಕಿ ಹಾಕುವುದು. ಒಂದು ದೊಡ್ಡದು, ಅದರಲ್ಲಿ ಮಾಂಸ ಸುಡಬಾರದು. ಅದು ಇರುವುದೇ ಕೆಂಡ ಮಾಡುವುದಕ್ಕೆ, ಸೌದೆ ಒಣಗಿಸುವುದಕ್ಕೆ, ಸುತ್ತ ಕೂತು ಚಳಿ ಕಾಯಿಸಿಕೊಳ್ಳುವುದಕ್ಕೆ. ಇನ್ನೊಂದು ಅದರ ಪಕ್ಕದಲ್ಲೇ, ಮೂರು ನಾಲ್ಕು ಅಡಿ ದೂರದಲ್ಲಿ, ಎರಡು ಸಾಲು ಇಟ್ಟಿಗೆ ಇಟ್ಟು ಮೇಲೆ ಜಾಲರಿ ಹಾಕಿದ ಜಾಗ. ಇಲ್ಲಿ ಉರಿ ಇರುವುದೇ ಇಲ್ಲ. ದೊಡ್ಡ ಬೆಂಕಿಯಿಂದ ಸನಿಕೆಯಲ್ಲಿ ಕೆಂಡ ತೋಡಿ ತೋಡಿ ಇಲ್ಲಿಗೆ ಸುರಿಯಬೇಕು. ಕೆಂಡ ಆಗುವಷ್ಟು ಹೊತ್ತಿಗೆ ಸೌದೆಯ ನೀರೆಲ್ಲ ಹೋಗಿರುತ್ತದೆ, ಹೊಗೆ ಬರಿಸುವ ಅಂಶವೂ ಸುಟ್ಟಿರುತ್ತದೆ, ಉಳಿದಿರುವುದು ಬರೀ ಕಾವು. ಒಂದೇ ಬೆಂಕಿ ಇಟ್ಟುಕೊಂಡರೆ ಕಾವು ಇಳಿದಾಗ ಸೌದೆ ಹಾಕಲೇಬೇಕು, ಹಾಕಿದ ತಕ್ಷಣ ಹೊಗೆ ಏಳುತ್ತದೆ, ಮೇಲೆ ಮಾಂಸ ಇರುತ್ತದೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ. ಡಿಸೆಂಬರ್‌ನಲ್ಲಿ ನಡೆಯಲ್ಲ.

ಸೌದೆ ಆರಿಸುವಾಗ ನೆಲಕ್ಕೆ ಬಿದ್ದಿದ್ದನ್ನು ಬಿಟ್ಟುಬಿಡಿ. ಮರದಲ್ಲೇ ಒಣಗಿ ನಿಂತ ರೆಂಬೆ, ಬೇಲಿ ಮೇಲೆ ಸಿಕ್ಕಿಕೊಂಡಿರುವ ಕೊಂಬೆ, ಇವು ಗಾಳಿಗೆ ಆರಿರುತ್ತವೆ. ಮುರಿದು ನೋಡಿ, ಲಟಕ್ ಅಂದರೆ ಸರಿ, ಬಾಗಿದರೆ ಬೇಡ. ತೋಳು ದಪ್ಪದ ಸೌದೆ ಮೇಲೆ ನೆನೆದಿದ್ದರೂ ನಾಲ್ಕು ಸೀಳು ಮಾಡಿದರೆ ಒಳಗಿನ ತಿರುಳು ಎಷ್ಟೋ ವಾಸಿ ಇರುತ್ತದೆ. ಕೆಂಡಕ್ಕೆ ನಮ್ಮ ಕಡೆ ಹುಣಸೆ, ಜಾಲಿ, ಸರ್ವೆ ಬಿಟ್ಟರೆ ಇನ್ನೊಂದಿಲ್ಲ. ಗಟ್ಟಿ ಮರ, ಕೆಂಡ ಬೇಗ ಬೂದಿಯಾಗುವುದಿಲ್ಲ. ತೆಂಗಿನ ದಿಮ್ಮಿ ಒಳಗೆಲ್ಲ ನಾರು, ನೀರು ಕುಡಿದರೆ ಬಿಡುವುದಿಲ್ಲ, ಮಳೆಗಾಲ ಕಳೆದ ಮೇಲೆ ಅದರ ಸಹವಾಸವೇ ಬೇಡ. ನೀಲಗಿರಿಯಲ್ಲಿ ಎಣ್ಣೆ ವಾಸನೆ, ಅದನ್ನು ದೊಡ್ಡ ಬೆಂಕಿಗೆ ಹಾಕಿಕೊಳ್ಳಿ. ಬೇವನ್ನು ನಾನು ಮಾಂಸದ ಹತ್ತಿರಕ್ಕೂ ತರುವುದಿಲ್ಲ. ಬಣ್ಣ ಬಳಿದ ಹಲಗೆ, ಹಳೇ ಪ್ಲೈವುಡ್, ಇವನ್ನಂತೂ ಯಾವ ಬೆಂಕಿಗೂ ಹಾಕಬೇಡಿ, ಅದರ ಹೊಗೆಯಲ್ಲಿ ಬಣ್ಣ ಮತ್ತು ಅಂಟಿನ ವಿಷ ಇರುತ್ತದೆ.

ಸೌದೆ ಮಾತು ಬಂದಾಗ ಕಡ್ಡಿ ಮಾತೂ ಹೇಳಿಬಿಡುತ್ತೇನೆ. ಮಾಂಸ ಚುಚ್ಚುವುದಕ್ಕೆ ಅಲ್ಲೇ ಬದುವಿನ ಮೇಲೆ ಬೆಳೆದ ಯಾವುದೋ ಗಿಡದ ಕಡ್ಡಿ ಮುರಿದುಕೊಂಡು ಬರುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಣಗಿಲೆ ಪೂರ್ತಿ ವಿಷ, ಎಲೆ, ಹೂವು, ಕಡ್ಡಿ ಎಲ್ಲ. ಗದ್ದೆ ಬದುವಿನಲ್ಲಿ ಗೊಬ್ಬರಕ್ಕೆ ಅಂತ ಬೆಳೆಸುವ ಗ್ಲಿರಿಸಿಡಿಯಾ ನೋಡುವುದಕ್ಕೆ ನೆಟ್ಟಗೆ, ಚೆನ್ನಾಗಿರುತ್ತದೆ, ಆದರೆ ಅದೂ ವಿಷದ ಗಿಡವೇ. ಎಕ್ಕದ ಹಾಲು ಗೊತ್ತೇ ಇದೆ. ಬಿದಿರು ಕಡ್ಡಿ ಇಲ್ಲ ಸೀಬೆ ಕಡ್ಡಿ ತಗೊಳ್ಳಿ, ಅಷ್ಟೇ.

ನೆಲದ ವಿಷಯಕ್ಕೆ ಬರೋಣ. ಕ್ಯಾಂಪ್ ಫೈರ್ ಅಂದ ಕೂಡಲೇ ಗುಂಡಿ ತೋಡುವ ಅಭ್ಯಾಸ ಎಲ್ಲರಿಗೂ ಇದೆ. ನಾಲೆ ಬಯಲಿನಲ್ಲಿ ಅದು ಆಗದ ಕೆಲಸ. ಒಂದು ಅಡಿ ತೋಡಿದರೆ ಕೆಳಗೆ ತೇವ, ಪಕ್ಕದ ಗದ್ದೆಗೆ ನೀರು ಬಿಟ್ಟಿದ್ದರೆ ಒರತೆಯೇ ಬರುತ್ತದೆ. ನೆಲದ ತಂಪು ಕೆಂಡವನ್ನು ಕೆಳಗಿಂದ ಕೊಲ್ಲುತ್ತಾ ಇರುತ್ತದೆ. ಗುಂಡಿ ಬೇಡ, ದಿಬ್ಬ ಮಾಡಿ. ಒಣ ಇಟ್ಟಿಗೆ ಒಂದು ಹಾಸು ಹಾಸಿ, ಇಲ್ಲವಾದರೆ ಮನೆಯಿಂದ ಒಂದು ಚೀಲ ಒಣ ಬೂದಿ ತಂದು ದಪ್ಪಗೆ ಹರಡಿ, ಅದರ ಮೇಲೆ ಬೆಂಕಿ ಹಾಕಿ. ಪಂಪ್‌ಸೆಟ್ ಮನೆ ಹತ್ತಿರ ಬಿದ್ದಿರುವ ಹಳೇ ತಗಡು ಇದ್ದರೂ ಆಗುತ್ತದೆ.

ಹೊಳೆ ಕಲ್ಲು ಮಾತ್ರ ಬೇಡವೇ ಬೇಡ. ಕಾವೇರಿ ದಡದಲ್ಲಿ ನುಣ್ಣಗೆ ಗುಂಡಗೆ ಸಿಗುವ ಕಲ್ಲುಗಳನ್ನು ನೋಡಿದರೆ ಒಲೆ ಹೂಡೋಣ ಅನಿಸುವುದು ಸಹಜ. ವರ್ಷಗಟ್ಟಲೆ ನೀರಲ್ಲಿದ್ದ ಕಲ್ಲಿನ ಸಣ್ಣ ಬಿರುಕುಗಳಲ್ಲಿ ನೀರು ಸೇರಿಕೊಂಡಿರುತ್ತದೆ. ಕಾವು ತಗುಲಿದಾಗ ಆ ನೀರು ಆವಿಯಾಗಿ, ಹೊರಗೆ ಬರಲು ದಾರಿ ಸಿಗದೆ ಕಲ್ಲು ಢಂ ಅಂತ ಸಿಡಿಯುತ್ತದೆ. ಚೂರು ಕಣ್ಣಿಗೆ ಹಾರಿದರೆ ಏನು ಗತಿ? ಸುತ್ತ ಮಕ್ಕಳು ಕೂತಿರುತ್ತಾರೆ.

ಹಚ್ಚುವುದಕ್ಕೆ ಮಂಡ್ಯ ಸೀಮೆಯವರು ಪುಣ್ಯವಂತರು, ತೆಂಗಿನ ಮರ ಎಲ್ಲ ಕೊಡುತ್ತದೆ. ಒಣಗಿದ ಹೊಂಬಾಳೆ ಸಿಪ್ಪೆ ಪಂಜಿನ ಹಾಗೆ ಉರಿಯುತ್ತದೆ. ಕಾಯಿ ಸಿಪ್ಪೆಯ ನಾರನ್ನು ಬಿಡಿಸಿ ಉಜ್ಜಿದರೆ ಒಂದು ಕಿಡಿ ಸಾಕು. ಮೇಲೆ ಕರಟದ ಚೂರು, ಅದರ ಮೇಲೆ ಬೆರಳು ದಪ್ಪದ ಪುಳ್ಳೆ, ಆಮೇಲೆ ಸೀಳಿದ ಸೌದೆ. ಕರಟದ ಕಾವು ಜೋರು, ಸ್ವಲ್ಪ ನೆನೆದ ಪುಳ್ಳೆಯನ್ನೂ ಹಿಡಿಸಿಬಿಡುತ್ತದೆ. ಭತ್ತದ ಹುಲ್ಲನ್ನು ನೆಚ್ಚಿಕೊಳ್ಳಬೇಡಿ. ಸಂಕ್ರಾಂತಿ ಸಂಜೆ ದನ ಕಿಚ್ಚು ಹಾಯಿಸುವಾಗ ನೋಡಿರುತ್ತೀರಲ್ಲ, ಹುಲ್ಲಿನ ಉರಿ ಎಷ್ಟು ಎತ್ತರ ಏಳುತ್ತದೋ ಅಷ್ಟೇ ಬೇಗ ಇಳಿಯುತ್ತದೆ, ಕೆಂಡ ಅಂತ ಏನೂ ಉಳಿಯುವುದಿಲ್ಲ. ಪೂಜೆ ಡಬ್ಬಿಯ ಕರ್ಪೂರ ಎರಡು ಬಿಲ್ಲೆ ಜೇಬಿನಲ್ಲಿರಲಿ, ತೇವಕ್ಕೆ ಅದು ಜಗ್ಗುವುದಿಲ್ಲ. ಅದರ ಮಸಿ, ವಾಸನೆ ಪೂರ್ತಿ ಹೋಗುವ ತನಕ ಕಾಯಿರಿ, ಹೇಗೂ ದೊಡ್ಡ ಬೆಂಕಿಗೆ ತಾನೇ ಹಾಕುವುದು. ಪೆಟ್ರೋಲ್, ಸೀಮೆಎಣ್ಣೆ ಸುರಿಯುವುದು ಬೇಡ. ಪೆಟ್ರೋಲಿನ ಆವಿ ನೆಲದ ಮೇಲೆ ಹರಡಿಕೊಂಡು ಕಡ್ಡಿ ಗೀರಿದ ತಕ್ಷಣ ಮುಖಕ್ಕೇ ಹೊತ್ತಿಕೊಳ್ಳುತ್ತದೆ.

ಬೆಂಕಿ ಹಿಡಿದ ಮೇಲೆ ಮುಂದಿನ ಸೌದೆಯನ್ನು ಅದರ ಸುತ್ತ ಒರಗಿಸಿ ನಿಲ್ಲಿಸಿ, ಆಗಾಗ ತಿರುಗಿಸಿ. ಸೌದೆಯ ಮೈಯಿಂದ ಆವಿ ಏಳುವುದು ಕಣ್ಣಿಗೇ ಕಾಣುತ್ತದೆ. ಆವಿ ನಿಂತದ್ದನ್ನು ಒಳಗೆ ತಳ್ಳಿ, ಅದರ ಜಾಗಕ್ಕೆ ಹೊಸದು. ಈ ಕೆಲಸಕ್ಕೆ ಒಬ್ಬರನ್ನು ನೇಮಿಸಿಬಿಡಿ, ಮಾಂಸ ನೋಡಿಕೊಳ್ಳುವವರು ಬೇರೆ ಇರಲಿ. ನಮ್ಮಲ್ಲಿ ಸಾಮಾನ್ಯವಾಗಿ ಇದು ಸೋದರಮಾವನ ಪಾಲು. ಅವರು ಊದುಗೊಳವೆ ಹಿಡಿದು ಕೂತರೆ ‘ಇನ್ನೂ ಆಗಿಲ್ಲ ಕಣಪ್ಪ, ಸುಮ್ನಿರು’ ಅನ್ನುವ ಮಾತೇ ಕೊನೆ, ಅದರ ಮೇಲೆ ಯಾರೂ ಜಾಲರಿ ಮುಟ್ಟುವ ಹಾಗಿಲ್ಲ. ಒಳ್ಳೆ ಕೆಂಡ ಆಗುವುದಕ್ಕೆ ಎರಡು ಗಂಟೆ ಅಂದುಕೊಳ್ಳಿ. ಹಸಿದ ಮೇಲೆ ಬೆಂಕಿ ಹಚ್ಚುವವರಿಗೆ ಈ ಅಡುಗೆ ಅಲ್ಲ.

ಹೊತ್ತು ನೋಡಿಕೊಳ್ಳುವುದೂ ಮುಖ್ಯ. ಚಳಿಗಾಲದ ಬೆಳಗ್ಗೆ ಮತ್ತು ಮುಸ್ಸಂಜೆ ನೆಲದ ಹತ್ತಿರದ ಗಾಳಿ ತಣ್ಣಗೆ ಭಾರವಾಗಿ ಕೂತಿರುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಿಕೊಂಡಿರುತ್ತದೆ. ಹೊಗೆ ಮೇಲೇಳದೆ ಕಬ್ಬಿನ ಸಾಲಿನ ಎತ್ತರದಲ್ಲೇ ಅಡ್ಡಡ್ಡ ಹರಿದಾಡುತ್ತದೆ. ಬಿಸಿಲು ಬಿದ್ದು ಮಂಜು ಕರಗಿದ ಮೇಲೆ, ಹತ್ತು ಗಂಟೆ ಸುಮಾರಿಗೆ ಹಚ್ಚಿದರೆ ಹೊಗೆ ನೆಟ್ಟಗೆ ಮೇಲೆ ಹೋಗುತ್ತದೆ, ಮಧ್ಯಾಹ್ನದ ಊಟಕ್ಕೆ ಎಲ್ಲ ತಯಾರು. ರಾತ್ರಿ ಬೆಂಕಿ ಮುಂದೆ ಕೂರುವುದು ಚೆಂದ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅಡುಗೆಗೆ ಹಗಲೇ ಸರಿ. ಮಾಂಸದ ಬಣ್ಣವಾದರೂ ಕಾಣುತ್ತದೆ.

ಈಗ ಮಾಂಸ. ಮೈಸೂರಿನಿಂದ ಬನ್ನೂರು ಕಡೆ ಹೋಗುವವರಿಗೆ ಬೇರೆ ಹೇಳಬೇಕಾಗಿಲ್ಲ. ಬನ್ನೂರು ಕುರಿ, ಮಂಡ್ಯ ತಳಿ ಅಂತಲೂ ಕರೆಯುತ್ತಾರೆ, ಗಿಡ್ಡ ಕಾಲು, ಅಗಲ ಮೈ. ಅದರ ಮಾಂಸದಲ್ಲಿ ಕೊಬ್ಬು ಎಳೆ ಎಳೆಯಾಗಿ ಬೆರೆತಿರುತ್ತದೆ ಅನ್ನುವುದಕ್ಕೇ ಅದು ಅಷ್ಟು ಹೆಸರುವಾಸಿ. ಕೆಂಡದ ಮೇಲೆ ಇಡುವುದಕ್ಕೆ ಇದಕ್ಕಿಂತ ಒಳ್ಳೆಯದು ಸಿಗಲ್ಲ. ಆ ಕೊಬ್ಬು ಕರಗಿ ಮಾಂಸವನ್ನು ಒಣಗದ ಹಾಗೆ ಕಾಯುತ್ತದೆ. ಅಂಗಡಿಯಲ್ಲಿ ಬರೀ ‘ಎರಡು ಕೆ.ಜಿ. ಕೊಡಿ’ ಅಂದರೆ ಸಾರಿಗೆ ಕಡಿಯುವ ಹಾಗೆ ಸಣ್ಣಗೆ ಕಡಿದುಬಿಡುತ್ತಾರೆ. ಮೊದಲೇ ಹೇಳಬೇಕು.

‘ಅಣ್ಣ, ಸುಡೋಕೆ ಬೇಕು, ಸಾರಿಗಲ್ಲ.’

‘ಅಂಗಾದ್ರೆ ಚಾಪ್ಸ್ ಹಾಕ್ತೀನಿ, ಮುಂಗಾಲೂ ತಗಳಿ ಸಾ. ತೊಡೆ ಬ್ಯಾಡಿ, ಗಟ್ಟಿಯಾಯ್ತದೆ.’

ಅವರ ಮಾತು ಸರಿ. ಇಡೀ ತೊಡೆ ಬೇಕೇ ಬೇಕು ಅಂದರೆ ಮೂಳೆ ಬಿಡಿಸಿ, ಅಗಲಕ್ಕೆ ಬಿಚ್ಚಿಸಿಕೊಂಡು ತನ್ನಿ. ತೇವದ ದಿನ ಕಾವು ಒಂದೇ ಸಮ ಇರುವುದಿಲ್ಲ, ದಪ್ಪ ತುಂಡು ಹೊರಗೆ ಕಪ್ಪು, ಒಳಗೆ ಹಸಿ ಆಗಿ ಕೂರುತ್ತದೆ.

ಇನ್ನೊಂದು, ಹಿಂದಿನ ದಿನವೇ ತನ್ನಿ. ನಮ್ಮ ಕಡೆ ಬೆಳಗ್ಗೆ ಕಡಿದಿದ್ದು ಮಧ್ಯಾಹ್ನ ಬೇಯಬೇಕು ಅನ್ನುವುದೇ ಹೆಚ್ಚು, ಸಾರಿಗೆ ಅದು ನಡೆಯುತ್ತದೆ, ಕುಕ್ಕರ್ ಇದೆ. ಸುಡುವುದಕ್ಕೆ ಸರಿಹೋಗಲ್ಲ. ಪ್ರಾಣ ಹೋದ ಕೆಲವು ಗಂಟೆಗಳಲ್ಲಿ ಮಾಂಸ ಬಿಗಿದುಕೊಳ್ಳುತ್ತದೆ, ಆ ಬಿಗಿ ಸಡಿಲ ಆಗುವುದಕ್ಕೆ ಒಂದು ದಿನ ಬೇಕು. ಆ ಒಂದು ದಿನ ಫ್ರಿಜ್‌ನಲ್ಲೇ ಇರಬೇಕು, 4-5 ಡಿಗ್ರಿ ಒಳಗೆ. ‘ಹೊರಗೆ ಚಳಿ ಇದೆಯಲ್ಲ, ಕಾರಲ್ಲೇ ಇರಲಿ’ ಅನ್ನುವುದನ್ನು ಕೇಳಿದ್ದೇನೆ. ನಮ್ಮ 16 ಡಿಗ್ರಿ ಚಳಿ ನಮಗೆ ಸ್ವೆಟರ್ ಹಾಕಿಸುತ್ತದೆ ಅಷ್ಟೇ, ಮಾಂಸ ಕೆಡುವುದನ್ನು ತಡೆಯುವುದಿಲ್ಲ. ತೋಟಕ್ಕೆ ಹೋಗುವಾಗ ಐಸ್ ತುಂಬಿದ ಡಬ್ಬದಲ್ಲೇ ತಗೊಂಡು ಹೋಗಿ.

ಹಿಂದಿನ ರಾತ್ರಿ ಕೆ.ಜಿ.ಗೆ 12ರಿಂದ 15 ಗ್ರಾಂ ಉಪ್ಪು, ಚಿಟಿಕೆ ಅರಿಶಿನ ಹಚ್ಚಿಡಿ. ಬೇರೇನೂ ಬೇಡ. ಬೆಳಗ್ಗೆ ಬೇಕಾದರೆ ಪರಂಗಿಕಾಯಿ ತುರಿದು ಒಂದು ಚಮಚ ಹಚ್ಚಿ, ಸುಡುವುದಕ್ಕೆ ಒಂದು ಗಂಟೆ ಮುಂಚೆ ಮಾತ್ರ. ರಾತ್ರಿಯೆಲ್ಲ ಬಿಟ್ಟರೆ ಮೇಲ್ಭಾಗ ಹಿಟ್ಟು ಹಿಟ್ಟಾಗುತ್ತದೆ. ಮಸಾಲೆಯಲ್ಲಿ ಮುಳುಗಿಸಿ ತಂದು, ಸುರಿಯುತ್ತಿರುವ ಹಾಗೇ ಜಾಲರಿಗೆ ಹಾಕುವುದು ತೇವದ ದಿನ ತುಂಬಾ ಕೆಡಿಸುತ್ತದೆ. ಮಾಂಸ ಕೆಂಪಗೆ ಹುರಿದ ಬಣ್ಣಕ್ಕೆ ತಿರುಗಬೇಕಾದರೆ ಅದರ ಮೇಲ್ಮೈ 140 ಡಿಗ್ರಿ ದಾಟಬೇಕು, ಮೇಲೆ ನೀರಿರುವ ತನಕ ನೂರು ದಾಟುವುದಿಲ್ಲ. ಅದಕ್ಕೇ ಎಷ್ಟೋ ಜನ ಸುಟ್ಟಿದ್ದು ಬೂದು ಬಣ್ಣಕ್ಕೆ, ಬೇಯಿಸಿದ ಹಾಗೆ ಇರುತ್ತದೆ. ಒಂದು ಒಣ ಹತ್ತಿ ಬಟ್ಟೆಯಲ್ಲಿ ಪ್ರತಿ ತುಂಡನ್ನೂ ಒತ್ತಿ ಒರೆಸಿ. ಆಮೇಲೆ ದೊಡ್ಡ ಬೆಂಕಿಯ ಪಕ್ಕ, ಕಾವು ತಗುಲುವಷ್ಟು ದೂರದಲ್ಲಿ, ತಟ್ಟೆಯಲ್ಲಿ ಹರಡಿ ಐದು ನಿಮಿಷ ಇಡಿ. ಬೆರಳಿಟ್ಟರೆ ಜಾರಬಾರದು, ಸ್ವಲ್ಪ ಅಂಟಬೇಕು. ಆಗ ಎಣ್ಣೆ ಸವರಿ ಹಾಕಿ.

ಜಾಲರಿ ವಿಷಯದಲ್ಲಿ ಒಂದು ಎಚ್ಚರಿಕೆ. ಬೇಲಿಗೆ ಹಾಕುವ ಹೊಳೆಯುವ ಜಿ.ಐ. ಮೆಶ್ ಕತ್ತರಿಸಿ ತರಬೇಡಿ, ಅದರ ಮೇಲೆ ಸತುವಿನ ಲೇಪ ಇರುತ್ತದೆ, ಜೋರು ಕಾವಿಗೆ ಹೊಗೆಯಾಗಿ ಏಳುತ್ತದೆ, ಒಳ್ಳೆಯದಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಲೇಪ ಇಲ್ಲದ ಕಬ್ಬಿಣದ ಸರಳಿನಲ್ಲಿ ಮಾಡಿಸಿಕೊಳ್ಳಿ, ವರ್ಷಗಟ್ಟಲೆ ಬರುತ್ತದೆ.

ಕಾವು ನೋಡುವುದಕ್ಕೆ ಅಂಗೈಯೇ ಸಾಕು. ಜಾಲರಿ ಎತ್ತರದಲ್ಲಿ ಹಿಡಿಯಿರಿ. ಎರಡು ಮೂರು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕು ಅನಿಸಿದರೆ ಜೋರು ಕಾವು, ಐದಾರು ಎಣಿಸಬಹುದಾದರೆ ಹದ. ಕೆಂಡವನ್ನು ಒಂದು ಪಕ್ಕಕ್ಕೆ ದಪ್ಪ, ಇನ್ನೊಂದು ಪಕ್ಕಕ್ಕೆ ತೆಳ್ಳಗೆ ಹರಡಿ. ಮೊದಲು ಜೋರು ಪಕ್ಕದಲ್ಲಿ ಎರಡೂ ಕಡೆ ಬಣ್ಣ ಬರಲಿ, ಆಮೇಲೆ ತೆಳು ಪಕ್ಕಕ್ಕೆ ಸರಿಸಿ ನಿಧಾನವಾಗಿ ಬೇಯಲಿ. ಕೊಬ್ಬು ತೊಟ್ಟಿಕ್ಕಿ ಭಗ್ ಅಂತ ಉರಿ ಎದ್ದರೆ ನೀರು ಚಿಮುಕಿಸಬೇಡಿ, ಬೂದಿ ಹಾರಿ ಮಾಂಸಕ್ಕೆ ಅಂಟುತ್ತದೆ. ಇಕ್ಕಳದಲ್ಲಿ ತುಂಡನ್ನು ಪಕ್ಕಕ್ಕೆ ಎಳೆದರೆ ಆಯಿತು. ನಡುವೆ ಹನಿ ಶುರುವಾದರೆ ನಾಲ್ಕು ಗೂಟ ನೆಟ್ಟು ಮೇಲೆ ತಗಡು ಕಟ್ಟಿ, ಟಾರ್ಪಾಲು ಬೇಡ, ಕಿಡಿ ಹಾರಿದರೆ ತೂತಾಗುತ್ತದೆ, ಇಲ್ಲ ಹೊತ್ತಿಕೊಳ್ಳುತ್ತದೆ. ಮಸಾಲೆ ಕೊನೆಗೆ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ, ನಿಂಬೆರಸ ರುಬ್ಬಿಟ್ಟುಕೊಂಡು, ಇಳಿಸುವ ಎರಡು ನಿಮಿಷ ಮುಂಚೆ ಸವರಿ. ಮೊದಲೇ ಹಚ್ಚಿದರೆ ಬೆಳ್ಳುಳ್ಳಿ ಸೀದು ಕಹಿಯಾಗುತ್ತದೆ. ಇಳಿಸಿದ ಮೇಲೆ ಬಾಳೆ ಎಲೆ ಮುಚ್ಚಿ ಐದು ನಿಮಿಷ ಬಿಡಿ, ರಸ ಒಳಗೇ ನಿಲ್ಲುತ್ತದೆ.

ನಾಟಿ ಕೋಳಿಯನ್ನು ಕೆಂಡದ ಮೇಲೆ ಸುಡುತ್ತೇವೆ ಅನ್ನುವವರಿಗೆ ನನ್ನ ಸಲಹೆ, ಬೇಡ. ಪುಕ್ಕ ಕಿತ್ತು, ಹುಲ್ಲಿನ ಉರಿಯಲ್ಲಿ ಮೈ ಸುಟ್ಟು, ಅರಿಶಿನ ಹಚ್ಚಿ ಉಜ್ಜುವ ತನಕ ಬೆಂಕಿ ಕೆಲಸ ಸರಿ. ಆಮೇಲೆ ಅದು ಹೋಗಬೇಕಾದ್ದು ಪಾತ್ರೆಗೆ. ಓಡಾಡಿಕೊಂಡು ಬೆಳೆದ ಕೋಳಿ, ನೀರಲ್ಲಿ ನಿಧಾನ ಬೆಂದರೆ ಮಾತ್ರ ಮೆತ್ತಗಾಗುತ್ತದೆ. ದೊಡ್ಡ ಬೆಂಕಿ ಹೇಗೂ ಇದೆ, ಒಂದು ಪಕ್ಕದಲ್ಲಿ ಒಲೆ ಹೂಡಿ ಸಾರು ಮಾಡಿ, ಮುದ್ದೆಗೆ ಅದೇ ಆಯಿತು. ಪಾತ್ರೆ ತಳಕ್ಕೆ ಹೊರಗಿಂದ ಮಣ್ಣು ಕಲಸಿ ಮೆತ್ತಿದರೆ ಮಸಿ ತಿಕ್ಕುವ ಕಷ್ಟ ಇಲ್ಲ. ಸುಡುವುದಕ್ಕೆ ಫಾರಂ ಕೋಳಿ ತಗೊಳ್ಳಿ. ಕೋಳಿ ಒಳಗೆ 74 ಡಿಗ್ರಿ ಮುಟ್ಟಲೇಬೇಕು, ತೇವದ ದಿನ ಅಂದಾಜಿನ ಮೇಲೆ ಹೋಗಬೇಡಿ. ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ತೊಡೆಯ ಕೀಲಿನ ಹತ್ತಿರ ಮೂಳೆ ತನಕ ಕೊಯ್ದು ನೋಡಿ, ಕೆಂಪು ನೀರು ಬಂದರೆ ಮತ್ತೆ ಇಡಿ.

ಎಲ್ಲಿ ಬೆಂಕಿ ಹಾಕುತ್ತೀರಿ ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿ. ನಿಮ್ಮದೋ ಗೊತ್ತಿರುವವರದೋ ತೋಟ ಆಗಿರಲಿ. ಮೀಸಲು ಅರಣ್ಯದೊಳಗೆ ಬೆಂಕಿ ಹಚ್ಚುವುದು ಅಪರಾಧ. ರಂಗನತಿಟ್ಟಿನ ಆಸುಪಾಸಿನ ಹೊಳೆ ದಡವನ್ನೂ ಬಿಟ್ಟುಬಿಡಿ, ವಲಸೆ ಹಕ್ಕಿಗಳು ಬರುವ ಕಾಲ ಅದು. ಕಬ್ಬಿನ ಗದ್ದೆಯಿಂದ ಚೆನ್ನಾಗಿ ದೂರ ಇರಿ, ಮೇಲೆ ಇಬ್ಬನಿ ಇದ್ದರೂ ಒಳಗಿನ ತರಗು ಒಣಗಿರುತ್ತದೆ.

ಮೂಳೆ, ಕರುಳು, ಚರ್ಮ ಏನನ್ನೂ ಗದ್ದೆಗೆ ಎಸೆಯಬೇಡಿ. ವಾಸನೆಗೆ ನಾಯಿ ಬರುತ್ತವೆ, ನಾಯಿ ಹಿಂದೆ ಚಿರತೆ ಬರುತ್ತದೆ. ಕಬ್ಬಿನೊಳಗೆ ಚಿರತೆ ಮರಿ ಹಾಕುವುದು ಇಲ್ಲಿ ಹೊಸ ಸುದ್ದಿಯಲ್ಲ, ಟಿ. ನರಸೀಪುರ ತಾಲ್ಲೂಕಿನಲ್ಲಿ 2022-23ರ ಚಳಿಗಾಲದಲ್ಲಿ ಚಿರತೆ ದಾಳಿಗೆ ಜನ ಪ್ರಾಣ ಕಳೆದುಕೊಂಡರು. ಚೀಲದಲ್ಲಿ ಕಟ್ಟಿ ವಾಪಸ್ ತನ್ನಿ, ಇಲ್ಲ ಆಳವಾಗಿ ಹೂಳಿ.

ರಾತ್ರಿ ಅಲ್ಲೇ ಉಳಿಯುವವರು ಕೆಂಡವನ್ನು ಬಾಣಲೆಯಲ್ಲಿ ತುಂಬಿಕೊಂಡು ಟೆಂಟಿಗೋ ಪಂಪ್‌ಸೆಟ್ ಮನೆಗೋ ಒಯ್ದು ಬಾಗಿಲು ಹಾಕಿಕೊಳ್ಳುವುದು ಬೇಡ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯಲ್ಲಿ ಇದ್ದವರು ಏಳುವುದೇ ಇಲ್ಲ. ಚಳಿಗೆ ಇನ್ನೊಂದು ಕಂಬಳಿ ತನ್ನಿ. ಹೊರಡುವ ಮುಂಚೆ ಎರಡೂ ಬೆಂಕಿಗೆ ನೀರು ಸುರಿದು, ಸನಿಕೆಯಲ್ಲಿ ಕಲಸಿ, ಮತ್ತೆ ಸುರಿಯಿರಿ. ಅಂಗೈ ಹಿಂಭಾಗವನ್ನು ಬೂದಿ ಹತ್ತಿರ ಹಿಡಿದಾಗ ಕಾವೇ ಇರಬಾರದು. ಜಾಲರಿಯನ್ನು ಬಿಸಿ ಇದ್ದಾಗಲೇ ಉಜ್ಜಿ, ಎಣ್ಣೆ ಸವರಿ ಗೋಣಿಚೀಲದಲ್ಲಿ ಸುತ್ತಿಡಿ, ಈ ತೇವಕ್ಕೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ.